ಹುಟ್ಟು ಗುಣವೋ, ಹೊತ್ತಿನ ಗುಣವೋ?

ಈ ಸಲ ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಮುಕ್ಕಾಲು ಪಾಲು ಕಾಗದಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅವರು ಯಾಕೆ ಹಾಗೆ? ‘ನಾನು ಯಾಕೆ ಹೀಗೆ’ ಎಂದು ಕೇಳಿದವರು ಇಬ್ಬರೇ ಇಬ್ಬರು. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದವರು ಮುಂದಿನ ಸಲದವರೆಗೆ ಕಾಯಬೇಕು. ಕಾಯುತ್ತಾ ಕಾಯುತ್ತಾ ನಿದ್ದೆ ಬಂದುಬಿಟ್ಟರೆ ಅದನ್ನೂ ತಿಳಿಸಿ.

ಪ್ರಶ್ನೆ: ನಾನು ಆಫೀಸಿನಲ್ಲಿ ಹನ್ನೊಂದು ಜನರ ತಂಡದ ಮುಖ್ಯಸ್ಥ. ಎಂಟು ತಿಂಗಳ ಹಿಂದೆ ಸೇರಿದ ಒಬ್ಬ ಹುಡುಗ ಬೆಳಗಿನ ಮೀಟಿಂಗಿಗೆ ವಾರದಲ್ಲಿ ಎರಡು ಮೂರು ದಿನ ತಡವಾಗಿ ಬರುತ್ತಾನೆ. ಕೇಳಿದರೆ ‘ಸಾರಿ ಸರ್’ ಅಂತಾನೆ, ಅಷ್ಟೇ. ವರ್ಷದ ವರದಿಯಲ್ಲಿ ‘ಬೇಜವಾಬ್ದಾರಿ ಮನುಷ್ಯ’ ಎಂದು ಬರೆಯೋಣ ಅಂತಿದ್ದೇನೆ. ಹುಟ್ಟು ಗುಣ ಸುಟ್ಟರೂ ಹೋಗದು, ಅಲ್ವಾ ಮೇಡಂ?

ಉತ್ತರ: ಮೊದಲು ನನ್ನದೇ ಒಂದು ಕಥೆ ಕೇಳಿ. ನಾನು ಇಪ್ಪತ್ತೆಂಟು ವರ್ಷ ಮನಃಶಾಸ್ತ್ರ ಪಾಠ ಮಾಡಿದವಳು. ನಿವೃತ್ತಿಯಾದ ವರ್ಷ ಹಳೆಯ ಫೈಲುಗಳನ್ನು ಹರಿದು ಹಾಕುತ್ತಿದ್ದೆ. ಒಂದು ಫೈಲಿನಲ್ಲಿ ಎರಡು ಚೀಟಿ ಒಂದೇ ಗುಂಡುಪಿನ್ನಿನಲ್ಲಿ ಸಿಕ್ಕಿಕೊಂಡಿದ್ದವು. ಪಿನ್ನು ತುಕ್ಕು ಹಿಡಿದಿತ್ತು. ಒಂದು ಚೀಟಿ, ವಿದ್ಯಾರ್ಥಿಗಳು ಹೆಸರು ಹಾಕದೆ ಬರೆದುಕೊಡುವ ಅಭಿಪ್ರಾಯ. ‘ಮೇಡಂ ಉತ್ತರ ಪತ್ರಿಕೆ ವಾಪಸ್ ಕೊಡಲು ಐದು ವಾರ ತೆಗೆದುಕೊಂಡರು. ಅವರಿಗೆ ನಮ್ಮ ಮೇಲೆ ಆಸಕ್ತಿಯೇ ಇಲ್ಲ.’ ಇನ್ನೊಂದು, ರೆಕಾರ್ಡ್ ಪುಸ್ತಕವನ್ನು ಹತ್ತು ದಿನ ತಡವಾಗಿ ಕೊಟ್ಟ ಹುಡುಗನ ಬಗ್ಗೆ ನಾನು ಬರೆದದ್ದು. ‘ಶಿಸ್ತಿಲ್ಲ. ಬೇಜವಾಬ್ದಾರಿ.’ ನಿಮ್ಮದೇ ಪದ ನೋಡಿ. ಎರಡೂ ಚೀಟಿಗಳ ಮೇಲೆ ಒಂದೇ ತಿಂಗಳ ತಾರೀಖು.

ಆ ತಿಂಗಳು ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದರು. ರಾತ್ರಿ ಅವರ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಒಂದೊಂದೇ ಪತ್ರಿಕೆ ತಿದ್ದುತ್ತಿದ್ದೆ. ಅದನ್ನು ತರಗತಿಯಲ್ಲಿ ಹೇಳಿರಲಿಲ್ಲ. ಹುಡುಗರ ಚೀಟಿ ಓದಿ ಕಣ್ಣಲ್ಲಿ ನೀರು ಬಂದದ್ದು ಇವತ್ತಿಗೂ ನೆನಪಿದೆ. ಆ ರೆಕಾರ್ಡ್ ಪುಸ್ತಕದ ಹುಡುಗನ ಮನೆಯಲ್ಲಿ ಆ ತಿಂಗಳು ಏನು ನಡೆದಿತ್ತು? ಗೊತ್ತಿಲ್ಲ. ನಾನು ಕೇಳಿರಲೇ ಇಲ್ಲ.

ನನ್ನ ತಡಕ್ಕೆ ಕಾರಣ ಸಂದರ್ಭ, ಅವನ ತಡಕ್ಕೆ ಕಾರಣ ಗುಣ. ಮನಃಶಾಸ್ತ್ರ ಓದಿಸುವವಳ ಲೆಕ್ಕವೇ ಹೀಗಿತ್ತು.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಮನಃಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ ಈ ಲೆಕ್ಕದ ಬಗ್ಗೆ ತುಂಬ ಯೋಚಿಸಿದವರು. 1944ರಲ್ಲಿ ಅವರೂ ಮರಿಯಾನೆ ಸಿಮ್ಮೆಲ್ ಅವರೂ ಸೇರಿ ಒಂದು ಪುಟ್ಟ ಚಿತ್ರ ಮಾಡಿ 34 ಮಂದಿಗೆ ತೋರಿಸಿದರು. ಚಿತ್ರದಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಚಕ್ರ, ಬಾಗಿಲಿನಂತೆ ತೆರೆದುಕೊಳ್ಳುವ ಗೆರೆಯಿರುವ ಒಂದು ಚೌಕ. ಅವು ಸುಮ್ನೆ ಅತ್ತಿತ್ತ ಓಡಾಡುತ್ತವೆ. ಏನು ಕಂಡಿರಿ ಎಂದು ಕೇಳಿದರೆ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಜೀವ ಇರುವವರ ಕಥೆ ಹೇಳಿದರು. ದೊಡ್ಡ ತ್ರಿಕೋನ ಜಗಳಗಂಟ, ಚಕ್ರಕ್ಕೆ ಹೆದರಿಕೆ, ಹೀಗೆ. ಕಾಗದದ ತುಂಡಿಗೇ ಸ್ವಭಾವ ಹಚ್ಚುವವರು ನಾವು. ತಡವಾಗಿ ಬಂದ ಹುಡುಗನನ್ನು ಬಿಡುತ್ತೇವಾ?

1958ರ ಪುಸ್ತಕದಲ್ಲಿ ಹೈಡರ್ ಹೇಳಿದ್ದು ಇದು: ಯಾರು ಏನೇ ಮಾಡಲಿ, ಅದಕ್ಕೆ ಕಾರಣವನ್ನು ನಾವು ಆ ಮನುಷ್ಯನ ಒಳಗೆ ಹುಡುಕುತ್ತೇವೆ, ಇಲ್ಲವೇ ಅವನ ಸುತ್ತ ಹುಡುಕುತ್ತೇವೆ. ತೊಂದರೆ ಏನೆಂದರೆ ಮನುಷ್ಯ ಕಣ್ಣಿಗೆ ಕಾಣುತ್ತಾನೆ, ಅವನ ಸುತ್ತ ಇರುವುದು ಕಾಣುವುದಿಲ್ಲ. ನಿಮ್ಮ ಹುಡುಗ ಬಾಗಿಲು ತೆಗೆದು, ತಲೆ ತಗ್ಗಿಸಿ, ಖಾಲಿ ಕುರ್ಚಿ ಹುಡುಕುವುದು ಹನ್ನೊಂದು ಜನಕ್ಕೂ ಕಾಣುತ್ತದೆ. ಅದಕ್ಕೆ ಮುಂಚಿನ ಎರಡು ಗಂಟೆ ಯಾರಿಗೂ ಕಾಣುವುದಿಲ್ಲ.

ಕಾಣದಿದ್ದರೆ ಹೋಗಲಿ, ಗೊತ್ತಿದ್ದರೂ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದು ಇನ್ನೂ ವಿಚಿತ್ರ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬಿಬ್ಬರು ಅಮೆರಿಕದ ವಿದ್ಯಾರ್ಥಿಗಳಿಗೆ ಕ್ಯೂಬಾದ ಕಮ್ಯುನಿಸ್ಟ್ ನಾಯಕ ಫಿಡೆಲ್ ಕ್ಯಾಸ್ಟ್ರೋ ಬಗ್ಗೆ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. ಕೆಲವು ಪರ, ಕೆಲವು ವಿರೋಧ. ‘ಬರೆದವನಿಗೆ ಆಯ್ಕೆ ಇರಲಿಲ್ಲ, ಹೀಗೇ ಬರೆ ಎಂದು ಹೇಳಿ ಬರೆಸಿದ್ದು’ ಎಂದು ಬಿಡಿಸಿ ಹೇಳಿದಾಗಲೂ, ಪರವಾಗಿ ಬರೆದವನು ಮನಸ್ಸಿನಲ್ಲೂ ಸ್ವಲ್ಪ ಪರವೇ ಇರಬೇಕು ಎಂದು ಓದಿದವರು ಅಂದಾಜು ಮಾಡಿದರು. ಹತ್ತು ವರ್ಷದ ನಂತರ ಲೀ ರಾಸ್ ಈ ಚಾಳಿಗೆ ‘ಕಾರಣ ಹಚ್ಚುವುದರಲ್ಲಿ ಆಗುವ ಮೂಲಭೂತ ತಪ್ಪು’ ಎಂಬ ಅರ್ಥದ ಹೆಸರಿಟ್ಟರು. ಹೆಸರು ಸ್ವಲ್ಪ ದೊಡ್ಡದಾಯಿತು ಅನ್ನಿಸುತ್ತದೆ ನನಗೆ. ಇರಲಿ.

ಗಡಿಬಿಡಿ ಎನ್ನುವ ಸಣ್ಣ ಸಂಗತಿ ಮನುಷ್ಯನನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೂ ಒಂದು ಪ್ರಯೋಗ ಇದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿಯನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಸಮಯ ಇದೆ ಎಂದು ಹೇಳಿ ಕಳಿಸಿದವರಲ್ಲಿ ಶೇ 63 ಮಂದಿ ಸಹಾಯಕ್ಕೆ ನಿಂತರು. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದು ಓಡಿಸಿದವರಲ್ಲಿ ನಿಂತವರು ಶೇ 10. ಇವರೆಲ್ಲ ದೇವರ ಕೆಲಸಕ್ಕೆಂದೇ ಹೊರಟವರು. ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂಬುದನ್ನು ಅವರ ಭಕ್ತಿಯ ಬಗೆ ಹೇಳಲಿಲ್ಲ. ಗಡಿಯಾರ ಹೇಳಿತು.

ಹಾಗಂತ ಎಲ್ಲದಕ್ಕೂ ಸಂದರ್ಭವೇ ಕಾರಣ ಎಂದು ಹೊರಟರೆ ಅದೂ ತಪ್ಪೇ. ಕೆಲವರು ನಿಜವಾಗಿಯೂ ಬೇಜವಾಬ್ದಾರಿಗಳು. ಹೇಗೆ ತಿಳಿಯುವುದು? 1967ರಲ್ಲಿ ಹೆರಾಲ್ಡ್ ಕೆಲ್ಲಿ ಎಂಬವರು ಮೂರು ವಿಷಯ ನೋಡಿ ಎಂದರು. ನಿಮ್ಮ ಹುಡುಗನಿಗೇ ಹಿಡಿದು ನೋಡೋಣ. ಬೇರೆಯವರೂ ತಡ ಮಾಡುತ್ತಾರಾ? ಹನ್ನೊಂದರಲ್ಲಿ ಐದು ಜನ ತಡವಾದರೆ ತೊಂದರೆ ಮೀಟಿಂಗಿನ ಹೊತ್ತಿನದು. ಅವನು ಬೇರೆ ಕೆಲಸದಲ್ಲೂ ಹೀಗೆಯೇನಾ? ಮಧ್ಯಾಹ್ನದ ಮೀಟಿಂಗಿಗೆ ಸರಿಯಾಗಿ ಬಂದು, ಕೊಟ್ಟ ಕೆಲಸವನ್ನು ಹೇಳಿದ ದಿನ ಮುಗಿಸಿ ಕೊಡುತ್ತಿದ್ದರೆ ನಿಮ್ಮ ಪದ ನಿಲ್ಲುವುದಿಲ್ಲ. ಬೇಜವಾಬ್ದಾರಿತನ ಬೆಳಗ್ಗೆ ಬಂದು ಮಧ್ಯಾಹ್ನ ಬಿಡುವ ಜ್ವರ ಅಲ್ಲವಲ್ಲ. ಮೂರನೆಯದು, ಯಾವಾಗಲೂ ಹೀಗೆಯೇನಾ, ಅಥವಾ ಆಗೊಮ್ಮೆ ಈಗೊಮ್ಮೆಯಾ?

‘ವಾರದಲ್ಲಿ ಎರಡು ಮೂರು ದಿನ’ ಎಂದಿದ್ದೀರಿ. ಯಾವ ಯಾವ ದಿನ? ನೀವು ಬರೆದಿಲ್ಲ. ನಿಮಗೂ ಗೊತ್ತಿಲ್ಲ ಅಂತ ನನ್ನ ಅನುಮಾನ. ಒಂದು ತಿಂಗಳು ತಾರೀಖು ಗುರುತು ಹಾಕಿ. ಎಲ್ಲ ತಡವೂ ಮಂಗಳವಾರ, ಗುರುವಾರ ಬಿದ್ದರೆ ಅದು ಸ್ವಭಾವ ಅಲ್ಲ, ಯಾವುದೋ ವೇಳಾಪಟ್ಟಿ. ಆಮೇಲೆ ಅವನನ್ನು ಒಬ್ಬನೇ ಇದ್ದಾಗ ಕರೆದು ‘ಯಾಕೆ ತಡ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ‘ಸಾರಿ ಸರ್’ ಎಂಬುದೇ ಉತ್ತರ. ‘ಮಂಗಳವಾರ ಬೆಳಗ್ಗೆ ಏನಿರುತ್ತೆ?’ ಎಂದು ಕೇಳಿ. ವರದಿಯಲ್ಲಿ ‘ಬೆಳಗಿನ ಮೀಟಿಂಗಿಗೆ ಇಷ್ಟು ದಿನ ತಡ’ ಎಂದು ಬರೆಯಿರಿ. ಅದು ಸತ್ಯ. ‘ಬೇಜವಾಬ್ದಾರಿ ಮನುಷ್ಯ’ ಎಂಬುದು ನಿಮ್ಮ ಊಹೆ, ಮುಂದಿನ ಹತ್ತು ವರ್ಷ ಅವನ ಫೈಲಿನಲ್ಲಿ ಕೂರುವ ಊಹೆ.

ಪ್ರಶ್ನೆ: ಮನೆಕೆಲಸದಲ್ಲಿ ಶೇಕಡ 70 ನಾನು ಮಾಡುತ್ತೇನೆ. ಇವರು ತಾವು ಅರ್ಧ ಮಾಡುತ್ತೇನೆ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದು ಇಬ್ಬರೂ ಪ್ರಮಾಣ ಮಾಡುತ್ತಿದ್ದೇವೆ. (ಕೆಳಗೆ ಬೇರೆ ಅಕ್ಷರದಲ್ಲಿ: ಮೇಡಂ, ಅರ್ಧಕ್ಕಿಂತ ಜಾಸ್ತಿಯೇ ಮಾಡುತ್ತೇನೆ. ಇವಳಿಗೆ ಬೇಜಾರಾಗಬಾರದು ಅಂತ ಅರ್ಧ ಅಂದೆ.)

ಉತ್ತರ: ಒಂದೇ ಕಾಗದದಲ್ಲಿ ಇಬ್ಬರೂ ಬರೆದಿದ್ದೀರಲ್ಲ, ಅಷ್ಟು ಒಗ್ಗಟ್ಟು ಇದೆ ಎಂದು ಸಂತೋಷವಾಯಿತು. ನಿಮ್ಮ ಲೆಕ್ಕ ಕೂಡಿದರೆ ಶೇಕಡ 120 ದಾಟುತ್ತದೆ. 1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಕೆನಡಾದಲ್ಲಿ 37 ದಂಪತಿಗಳನ್ನು ಬೇರೆ ಬೇರೆ ಕೂರಿಸಿ 20 ವಿಷಯಗಳ ಬಗ್ಗೆ ಇದನ್ನೇ ಕೇಳಿದರು. ಹೆಚ್ಚಿನ ವಿಷಯಗಳಲ್ಲಿ ಗಂಡನ ಪಾಲು, ಹೆಂಡತಿಯ ಪಾಲು ಕೂಡಿದರೆ ನೂರಕ್ಕಿಂತ ಜಾಸ್ತಿಯೇ ಬಂತು. ಹೊಗಳಿಕೆಯ ಆಸೆ ಅಂದುಕೊಂಡಿರಾ? ಪಟ್ಟಿಯಲ್ಲಿ ಪಾತ್ರೆ ತೊಳೆಯುವುದರ ಜೊತೆಗೆ ಜಗಳ ತೆಗೆಯುವುದೂ ಇತ್ತು. ಅಂಥ ಕೆಟ್ಟ ಕೆಲಸಗಳಲ್ಲೂ ‘ನನ್ನ ಪಾಲೇ ಜಾಸ್ತಿ’ ಎನ್ನುವ ವಾಲು ಕಂಡಿತು. ಆಸೆಗಿಂತ ಇಲ್ಲಿ ಹೆಚ್ಚು ಕೆಲಸ ಮಾಡುವುದು ನೆನಪು. ನಾನು ಬಗ್ಗಿ ಗುಡಿಸಿದ್ದು ನನ್ನ ಸೊಂಟಕ್ಕೆ ನೆನಪಿರುತ್ತದೆ. ನೀವು ಗುಡಿಸಿದ್ದು ನನಗೆ ಬರೀ ಸ್ವಚ್ಛ ನೆಲವಾಗಿ ಕಾಣುತ್ತದೆ.

ಆದರೆ ಒಂದು ಮಾತು. ಲೆಕ್ಕ ನೂರು ದಾಟಿತು ಅಂದರೆ ಇಬ್ಬರೂ ಸಮ ಸಮ ಮಾಡುತ್ತೀರಿ ಎಂದಲ್ಲ. ಒಬ್ಬರು ನಿಜವಾಗಿಯೂ ಜಾಸ್ತಿ ಮಾಡುತ್ತಿರಬಹುದು. ಎರಡು ವಾರ, ಮಾಡಿದ ಕೆಲಸವನ್ನೆಲ್ಲ ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಕೆಲಸ ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ, ಅದನ್ನೂ ಬರೆಯಿರಿ. ಅಮ್ಮನ ಔಷಧಿ ಮುಗಿಯುತ್ತಾ ಬಂತು ಎಂದು ಯಾರ ತಲೆಗೆ ಮೊದಲು ಹೊಳೆಯುತ್ತದೆ? ಹಾಳೆಯನ್ನು ನನಗೆ ಕಳಿಸಬೇಡಿ.

ಪ್ರಶ್ನೆ: ಬೇರೆಯವರು ಯಾಕೆ ಏನು ಮಾಡುತ್ತಾರೋ ನನಗೆ ತಿಳಿಯುವುದಿಲ್ಲ. ಆದರೆ ನಾನು ಏನು ಮಾಡಿದರೂ ಯಾಕೆ ಮಾಡಿದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಇದು ಒಳ್ಳೆಯ ಗುಣ ಅಲ್ಲವೇ?

ಉತ್ತರ: ಒಂದು ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟಿದ್ದಾರೆ. ಯಾವುದು ಚೆನ್ನಾಗಿದೆ ಎಂದು ಆರಿಸಬೇಕು. ಜನ ಮುಟ್ಟಿ, ಎಳೆದು, ಬೆಳಕಿಗೆ ಹಿಡಿದು ನೋಡಿ ಆರಿಸಿದರು. ಎಡ ತುದಿಯದಕ್ಕಿಂತ ಬಲ ತುದಿಯದನ್ನು ಆರಿಸಿದವರು ಹೆಚ್ಚುಕಡಿಮೆ ನಾಲ್ಕು ಪಟ್ಟು. ಯಾಕೆ ಎಂದರೆ ನೇಯ್ಗೆ, ನಯ ಎಂದೆಲ್ಲ ಕಾರಣ ಕೊಟ್ಟರು. ನಾಲ್ಕೂ ಒಂದೇ ಕಾಲುಚೀಲ. ‘ಇಟ್ಟ ಜಾಗ ನೋಡಿ ಆರಿಸಿದಿರಾ’ ಎಂದು ಕೇಳಿದರೆ, ಇವರಿಗೇನು ತಲೆ ಸರಿ ಇಲ್ಲವಾ ಎಂಬಂತೆ ನೋಡಿದರು. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಬರೆದದ್ದು ಇದು. ಸ್ಪಷ್ಟವಾಗಿ ಗೊತ್ತಿರುವುದು ಬೇರೆ, ಸರಿಯಾಗಿ ಗೊತ್ತಿರುವುದು ಬೇರೆ.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಒಳ್ಳೆಯ ಅಂಕ ಬಂದರೆ ‘ನನ್ನ ತಲೆ’ ಅಂತಾನೆ. ಕಡಿಮೆ ಬಂದರೆ ಟೀಚರ್ ಸರಿ ಇಲ್ಲ, ಪೇಪರ್ ಸರಿ ಇಲ್ಲ, ಪಕ್ಕದ ಹುಡುಗ ಗಲಾಟೆ ಮಾಡಿದ. ಇವನನ್ನು ತಿದ್ದುವುದು ಹೇಗೆ? ಮಗಳದ್ದು ಇಂಥ ಕಾಟ ಇಲ್ಲ. ಅವಳು ‘ನನ್ನ ತಲೆಗೆ ಗಣಿತ ಹತ್ತಲ್ಲ ಅಮ್ಮ’ ಎಂದು ಒಪ್ಪಿಕೊಳ್ಳುತ್ತಾಳೆ.

ಉತ್ತರ: ಮಗನ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಮಗಳ ಬಗ್ಗೆ ಬರೆದದ್ದು ಇಷ್ಟೇ. ನನ್ನ ಕಣ್ಣು ಆ ಸಾಲಿನ ಮೇಲೆ ನಿಂತಿತು.

ಮಗನದ್ದು ಹಳೆಯ ರೋಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೆದ್ದರೆ ನಾನು, ಸೋತರೆ ನೆಲ. ದೊಡ್ಡವರೂ ಇದನ್ನೇ ಮಾಡುತ್ತಾರೆ, ಭಾಷೆ ಮಾತ್ರ ನಯವಾಗಿರುತ್ತದೆ. ಸ್ವಲ್ಪ ಮಟ್ಟಿಗೆ ಇದು ಮನಸ್ಸಿಗೆ ರಕ್ಷೆ ಕೂಡ. ಮುಂದಿನ ಸಲ ಕಡಿಮೆ ಅಂಕ ಬಂದಾಗ ಬೈಯದೆ, ತಪ್ಪಾದ ಒಂದೇ ಒಂದು ಲೆಕ್ಕ ತೆಗೆದುಕೊಂಡು ಪಕ್ಕದಲ್ಲಿ ಕೂತು ಮಾಡಿಸಿ. ಟೀಚರ್ ಕೂಡ ಇಲ್ಲ, ಪಕ್ಕದ ಹುಡುಗನೂ ಇಲ್ಲ. ಅವನಿಗೆ ಇಷ್ಟು ಸಾಕು.

ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಒಪ್ಪಿಕೊಳ್ಳುತ್ತಿಲ್ಲ, ಕೈ ಚೆಲ್ಲುತ್ತಿದ್ದಾಳೆ. ಬರ್ನಾರ್ಡ್ ವೈನರ್ ಎಂಬ ಮನಃಶಾಸ್ತ್ರಜ್ಞರು ಸೋಲು ಗೆಲುವಿಗೆ ನಾವು ಕೊಡುವ ಕಾರಣಗಳನ್ನು ಜಾಲಿಸಿ ನೋಡಿದವರು. ಕಾರಣ ನನ್ನ ಒಳಗಿದೆಯೋ ಹೊರಗಿದೆಯೋ ಎಂದಷ್ಟೇ ನೋಡಿದರೆ ಸಾಲದು. ಅದು ನಾಳೆಯೂ ಹೀಗೇ ಇರುತ್ತದಾ, ಅದು ನನ್ನ ಕೈಯಲ್ಲಿದೆಯಾ, ಇವನ್ನೂ ನೋಡಬೇಕು ಎಂದರು. ‘ತಲೆಗೆ ಹತ್ತಲ್ಲ’ ಎಂಬ ಕಾರಣವನ್ನು ಈ ಪ್ರಶ್ನೆಗಳಿಗೆ ಒಡ್ಡಿ. ಒಳಗಿದೆ. ನಾಳೆಯೂ ಹೀಗೇ. ನನ್ನ ಕೈಯಲ್ಲಿಲ್ಲ. ಇಂಥ ಕಾರಣ ಹಿಡಿದುಕೊಂಡವಳು ಪುಸ್ತಕ ಯಾಕೆ ತೆಗೆಯಬೇಕು? ‘ಟೀಚರ್ ಸರಿ ಇಲ್ಲ’ ಎನ್ನುವ ಅಣ್ಣನಿಗೆ ಟೀಚರ್ ಬದಲಾದರೂ ಸಾಕು. ಇವಳು ತಲೆ ಬದಲಿಸಬೇಕು.

ಒಳ್ಳೆಯ ಅಂಕ ಬಂದಾಗ ಏನಂತಾಳೆ, ಗಮನಿಸಿದ್ದೀರಾ? ‘ಪೇಪರ್ ಸುಲಭ ಇತ್ತು’ ಎಂದಿದ್ದರೆ ನನ್ನ ಅನುಮಾನ ನಿಜ.

1975ರಲ್ಲಿ ಕ್ಯಾರಲ್ ಡ್ವೆಕ್ ಇಂಥದೇ ಹನ್ನೆರಡು ಮಕ್ಕಳನ್ನು ಆರಿಸಿಕೊಂಡರು. ಒಂದು ಲೆಕ್ಕ ತಪ್ಪಿದರೆ ಪೆನ್ಸಿಲ್ ಕೆಳಗಿಡುವ ಮಕ್ಕಳು. ಅರ್ಧ ಮಕ್ಕಳಿಗೆ ಸುಲಭದ ಲೆಕ್ಕಗಳನ್ನೇ ಕೊಟ್ಟು ಬರೀ ಗೆಲುವಿನ ರುಚಿ ತೋರಿಸಿದರು. ಉಳಿದರ್ಧಕ್ಕೆ ನಡುನಡುವೆ ಸೋಲುವಂಥ ಲೆಕ್ಕವನ್ನೂ ಕೊಟ್ಟು, ಸೋತಾಗ ‘ಇನ್ನೂ ಸ್ವಲ್ಪ ಪ್ರಯತ್ನ ಪಡಬೇಕಿತ್ತು’ ಎಂದು ಕಾರಣ ಹೇಳಿಕೊಟ್ಟರು. ಆಮೇಲೆ ಕಷ್ಟದ ಲೆಕ್ಕ ಬಂದಾಗ ಗೆಲುವು ಮಾತ್ರ ಕಂಡ ಮಕ್ಕಳು ಮತ್ತೆ ಕುಸಿದರು. ಸೋಲಿಗೆ ಬೇರೆ ಕಾರಣ ಕಲಿತ ಮಕ್ಕಳು ತಡೆದುಕೊಂಡು ಮುಂದೆ ಹೋದರು. ನಾವೆಲ್ಲ ಮಾಡುವುದು ಮೊದಲನೆಯದು. ‘ನೀನು ಜಾಣೆ ಕಣೆ, ಸುಲಭದ್ದು ಮಾಡು’ ಎನ್ನುತ್ತೇವೆ.

ಆದರೆ ‘ಪ್ರಯತ್ನ ಸಾಲದು’ ಎಂಬ ಮಾತನ್ನು ನೋಡಿ ಬಳಸಿ. ರಾತ್ರಿ ಹನ್ನೊಂದರವರೆಗೆ ಕೂತು ಲೆಕ್ಕ ಮಾಡಿದ ಮಗುವಿಗೆ ಆ ಮಾತು ಹೇಳಿದರೆ ಅದು ಹೊಡೆತವೇ. ಅಂಥ ಮಗುವಿಗೆ ‘ಬೇರೆ ದಾರಿಯಲ್ಲಿ ಮಾಡಿ ನೋಡೋಣ’ ಎನ್ನಬೇಕು.

1982ರ ಇನ್ನೊಂದು ಪುಟ್ಟ ಅಧ್ಯಯನ ನನಗೆ ತುಂಬ ಇಷ್ಟ. ತಿಮೋತಿ ವಿಲ್ಸನ್ ಮತ್ತು ಪೆಟ್ರೀಶಿಯಾ ಲಿನ್ವಿಲ್ ಮೊದಲ ವರ್ಷದಲ್ಲಿ ಕಡಿಮೆ ಅಂಕ ಬಂದು ಚಿಂತೆಯಲ್ಲಿದ್ದ 40 ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಒಂದೇ ಒಂದು ವಿಷಯ ತಿಳಿಸಿದರು: ಮೊದಲ ವರ್ಷ ಅನೇಕರಿಗೆ ಹೀಗೇ, ಆಮೇಲೆ ಅಂಕ ಏರುತ್ತದೆ. ಹಿರಿಯ ವಿದ್ಯಾರ್ಥಿಗಳು ತಮಗೂ ಹೀಗೇ ಆಗಿತ್ತು ಎಂದು ಹೇಳುವ ವಿಡಿಯೊ ತೋರಿಸಿದರು. ಇದನ್ನು ಕೇಳಿದವರಲ್ಲಿ ಎರಡನೇ ವರ್ಷದ ಕೊನೆಗೆ ಓದು ಬಿಟ್ಟವರು ಶೇ 5. ಕೇಳದವರಲ್ಲಿ ಶೇ 25. ಯಾರೂ ಪಾಠ ಮಾಡಲಿಲ್ಲ. ‘ನಾಳೆಯೂ ಹೀಗೇ’ ಎಂಬುದನ್ನು ‘ಈಗ ಹೀಗೆ’ ಎಂದು ಬದಲಿಸಿದರು. ನಿಮಗೆ ಶಾಲೆಯಲ್ಲಿ ಯಾವ ಪಾಠ ಕಷ್ಟವಾಗಿತ್ತು? ಮಗಳಿಗೆ ಅದನ್ನು ಹೇಳಿದ್ದೀರಾ?

ಪ್ರಶ್ನೆ: ನಾನು ಬಿಎ ಮನಃಶಾಸ್ತ್ರದ ವಿದ್ಯಾರ್ಥಿನಿ. ನಮ್ಮ ತಪ್ಪಿಗೆ ಸಂದರ್ಭ ಕಾರಣ, ಬೇರೆಯವರ ತಪ್ಪಿಗೆ ಗುಣ ಕಾರಣ ಎಂದು ನೋಡುವುದು ಎಲ್ಲ ಮನುಷ್ಯರ ಸ್ವಭಾವ ಎಂದು ನೋಟ್ಸಿನಲ್ಲಿದೆ. ಇದು ಪೂರ್ತಿ ನಿಜವಾ?

ಉತ್ತರ: ಪೂರ್ತಿ ಅಲ್ಲ. ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ 1971ರಲ್ಲಿ ಈ ಮಾತು ಹೇಳಿದರು. ಮೂವತ್ತೈದು ವರ್ಷ ಎಲ್ಲರೂ ಪಾಠ ಮಾಡಿದೆವು, ನಾನೂ ಮಾಡಿದೆ. 2006ರಲ್ಲಿ ಬರ್ಟ್ರಾಮ್ ಮ್ಯಾಲೆ ಎಂಬವರು 173 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರೆ ಸರಾಸರಿ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಕೆಟ್ಟದ್ದು ನಡೆದಾಗ ಮಾತ್ರ ನೋಟ್ಸಿನಲ್ಲಿ ಇರುವಂತೆ ಆಗುತ್ತದೆ. ಒಳ್ಳೆಯದು ನಡೆದಾಗ ತಿರುಗಾಮುರುಗಾ. ನನ್ನ ಗೆಲುವಿಗೆ ನನ್ನ ಗುಣ, ನಿನ್ನ ಗೆಲುವಿಗೆ ನಿನ್ನ ಅದೃಷ್ಟ.

‘ಎಲ್ಲ ಮನುಷ್ಯರ’ ಎಂಬುದೂ ಅನುಮಾನವೇ. 1984ರಲ್ಲಿ ಜೋನ್ ಮಿಲ್ಲರ್ ಅಮೆರಿಕದ ಶಿಕಾಗೋ ಮತ್ತು ನಮ್ಮ ಮೈಸೂರಿನ ಜನರನ್ನು ಹೋಲಿಸಿದರು. ಯಾರೋ ಮಾಡಿದ ಕೆಟ್ಟ ಕೆಲಸ, ಒಳ್ಳೆಯ ಕೆಲಸ ವಿವರಿಸಿ, ಕಾರಣ ಹೇಳಿ ಎಂದರೆ ಅಮೆರಿಕದ ದೊಡ್ಡವರು ಗುಣದ ಮಾತು ಜಾಸ್ತಿ ಆಡಿದರು. ಮೈಸೂರಿನ ದೊಡ್ಡವರು ಅವನ ಕರ್ತವ್ಯ, ಸಂಬಂಧ, ಆ ಹೊತ್ತಿನ ಪರಿಸ್ಥಿತಿಯ ಮಾತು ಜಾಸ್ತಿ ಆಡಿದರು. ಸ್ವಾರಸ್ಯ ಏನು ಗೊತ್ತಾ, ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ. ಬೆಳೆಯುತ್ತಾ ಕಲಿತದ್ದು. ಪರೀಕ್ಷೆಯಲ್ಲಿ ನೋಟ್ಸಿನಲ್ಲಿ ಇದ್ದದ್ದನ್ನು ಬರೆದು, ಕೊನೆಗೆ ಈ ಎರಡು ವಿಷಯ ಸೇರಿಸಿ. ತಿದ್ದುವವರು ಅಂಕ ಕೊಡದಿದ್ದರೆ ಅವರಿಗೆ ಅವತ್ತು ಬಹಳ ಪತ್ರಿಕೆ ಇತ್ತು ಅಂದುಕೊಳ್ಳಿ.

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಇವರಿಗೆ ಕೋಪ ಬಂದರೆ ಕೂಗಾಡುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಎರಡು ಸಲ ನನ್ನ ಫೋನ್ ಒಡೆದರು. ‘ಆಫೀಸಿನ ಒತ್ತಡ, ನಾನು ಹಾಗಲ್ಲ’ ಅಂತಾರೆ. ಸಂದರ್ಭ ನೋಡಿ ಎಂದು ನೀವು ಯಾವಾಗಲೂ ಬರೆಯುತ್ತೀರಿ. ನಾನು ಇವರ ಸಂದರ್ಭ ಅರ್ಥ ಮಾಡಿಕೊಳ್ಳುತ್ತಿಲ್ಲವೇನೋ. ನೆಂಟರೂ ‘ನೀನೇನು ಅಂದೆ’ ಎಂದು ಕೇಳುತ್ತಾರೆ.

ಉತ್ತರ: ತಂಗಿ, ಮೇಲೆ ಆಫೀಸಿನವರಿಗೆ ಬರೆದ ಆ ಪ್ರಶ್ನೆಗಳನ್ನು ಇಲ್ಲಿಯೂ ಕೇಳೋಣ. ಆಫೀಸಿನ ಒತ್ತಡ ಅಲ್ಲಿನ ಎಲ್ಲರಿಗೂ ಇದೆ. ಅವರೆಲ್ಲ ಮನೆಗೆ ಹೋಗಿ ಫೋನ್ ಒಡೆಯುತ್ತಾರಾ? ಒತ್ತಡ ಹುಟ್ಟುವುದು ಆಫೀಸಿನಲ್ಲಿ. ನಿಮ್ಮ ಯಜಮಾನರು ಅಲ್ಲಿ ಯಾರ ಮೇಲಾದರೂ ಕೂಗಿದ್ದಾರಾ? ಬಾಸಿನ ಫೋನ್ ಎಸೆದಿದ್ದಾರಾ? ‘ಕೈಗೆ ಸಿಕ್ಕಿದ್ದನ್ನು’ ಎಂದು ಬರೆದಿದ್ದೀರಿ. ಆದರೆ ಒಡೆದದ್ದು ಎರಡು ಸಲವೂ ನಿಮ್ಮ ಫೋನ್. ಅವರ ಫೋನ್ ಕೈಗೆ ಸಿಕ್ಕಲಿಲ್ಲವಾ?

ಎಲ್ಲಿ ಕೂಗಬಾರದು ಎಂದು ಅವರಿಗೆ ಗೊತ್ತಿದೆ. ಅಲ್ಲಿ ತಡೆದುಕೊಳ್ಳುತ್ತಾರೆ. ಅಂದರೆ ತಡೆದುಕೊಳ್ಳುವುದು ಅವರ ಕೈಯಲ್ಲಿದೆ. ಒತ್ತಡ ನಿಜ ಇರಬಹುದು, ಅದು ಕೋಪಕ್ಕೆ ಕಾರಣವೂ ಇರಬಹುದು. ನಿಮ್ಮ ಕಡೆಗೆ ಎಸೆಯಲು ಅದು ಅನುಮತಿ ಅಲ್ಲ. ಕಾರಣ ತಿಳಿಯುವುದಕ್ಕೂ ಮಾಫಿ ಕೊಡುವುದಕ್ಕೂ ಸಂಬಂಧ ಇಲ್ಲ. ಇದನ್ನು ನಾನು ಮೊದಲೇ ಸ್ಪಷ್ಟವಾಗಿ ಬರೆಯಬೇಕಿತ್ತು.

ನೆಂಟರ ಪ್ರಶ್ನೆಯ ಬಗ್ಗೆ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡುವ ದೃಶ್ಯವನ್ನು ಜನರಿಗೆ ತೋರಿಸಿದರು. ಅದು ನಟನೆ, ಆದರೆ ನೋಡುವವರಿಗೆ ಗೊತ್ತಿರಲಿಲ್ಲ. ಅವಳ ಕಷ್ಟ ಮುಂದುವರಿಯುತ್ತದೆ, ತಾವು ಏನೂ ಮಾಡುವಂತಿಲ್ಲ ಎಂದಾದಾಗ ನೋಡುವವರು ಅವಳನ್ನೇ ಕೀಳಾಗಿ ನೋಡತೊಡಗಿದರು. ಸುಮ್ಮಸುಮ್ಮನೆ ಯಾರಿಗೂ ಕೆಟ್ಟದಾಗುವುದಿಲ್ಲ ಎಂದು ನಂಬಿಕೊಂಡರೆ ಅವರಿಗೆ ನೆಮ್ಮದಿ. ‘ನೀನೇನು ಅಂದೆ’ ಎನ್ನುವ ನೆಂಟರು ತಮ್ಮ ನೆಮ್ಮದಿ ಕಾಯುತ್ತಿದ್ದಾರೆ, ನಿಮ್ಮದಲ್ಲ.

ನಂಬಿಕೆಯ ಒಬ್ಬರಿಗೆ ಎಲ್ಲ ವಿವರ ತಿಳಿಸಿಡಿ. ಏನು ಒಡೆಯಿತು, ಯಾವ ದಿನ, ಬರೆದಿಡಿ. ಎಸೆದದ್ದು ಮೈಗೆ ತಗುಲಿದರೆ, ಅಥವಾ ತಗುಲಬಹುದು ಎಂಬ ಹೆದರಿಕೆ ಬಂದರೂ ಸಾಕು, ಕಾರಣ ಹುಡುಕುತ್ತಾ ಅಲ್ಲಿ ನಿಲ್ಲಬೇಡಿ. ಮೊದಲು ಹೊರಗೆ ಬನ್ನಿ. ನಿಮಗೆ ಪ್ರತ್ಯೇಕವಾಗಿಯೂ ಒಂದು ಕಾಗದ ಬರೆದಿದ್ದೇನೆ.

ಪ್ರಶ್ನೆ: ಇದು ಪ್ರಶ್ನೆ ಅಲ್ಲ ಮೇಡಂ. ನಾನು ಏನು ಕೇಳಿದರೂ ನಮ್ಮ ಅತ್ತೆ ಉತ್ತರ ಕೊಡದೆ ಟಿವಿ ನೋಡುತ್ತಾ ಕೂರುತ್ತಾರೆ ಎಂದು ಎರಡು ತಿಂಗಳ ಹಿಂದೆ ಬರೆದಿದ್ದೆ. ‘ಕೆಲವರಿಗೆ ಮೌನವೇ ಅಧಿಕಾರ’ ಎಂದು ನೀವು ಉತ್ತರಿಸಿದ್ದಿರಿ. ಕಳೆದ ವಾರ ಅವರ ಕಿವಿ ಪರೀಕ್ಷೆ ಮಾಡಿಸಿದೆವು. ಎಡಗಿವಿ ಕೇಳಿಸುವುದೇ ಇಲ್ಲ. ನಾನು ಮಾತಾಡುವುದು ಅಡುಗೆಮನೆಯಿಂದ, ಅದು ಅವರ ಎಡಕ್ಕೆ. ನಿಮಗೆ ತಿಳಿಸೋಣ ಅನ್ನಿಸಿತು.

ಉತ್ತರ: ಓದಿದ ಮೇಲೆ ನಿಮ್ಮ ಹಳೆಯ ಕಾಗದವನ್ನು ಹುಡುಕಿ ತೆಗೆದೆ. ಅದರಲ್ಲಿ ನೀವೇ ಬರೆದಿದ್ದೀರಿ, ‘ಮಗ ಎದುರು ಬಂದು ಕೂತರೆ ಚೆನ್ನಾಗಿ ಮಾತಾಡುತ್ತಾರೆ.’ ಆ ಸಾಲಿನ ಕೆಳಗೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ‘ಮಗನ ಮೇಲೆ ಪಕ್ಷಪಾತ’ ಎಂದು ಬರೆದುಕೊಂಡಿದ್ದೇನೆ. ‘ಎದುರು’ ಎಂಬ ಪದ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಆ ವಾರ ನಲವತ್ತು ಕಾಗದ ಇದ್ದವು, ಸಂಪಾದಕರು ಎರಡು ಸಲ ಫೋನ್ ಮಾಡಿದ್ದರು ಎಂದು ಬರೆಯಲು ಹೊರಟೆ. ಅದಕ್ಕೆ ಆಧಾರವೂ ಕೈಯಲ್ಲಿತ್ತು. 1988ರಲ್ಲಿ ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಯವರು ಒಬ್ಬ ಹೆಂಗಸು ಚಡಪಡಿಸುತ್ತಾ ಮಾತಾಡುವ ಚಿತ್ರವನ್ನು ಧ್ವನಿ ಇಲ್ಲದೆ ತೋರಿಸಿದರು. ಅವಳು ಮುಜುಗರದ ವಿಷಯ ಮಾತಾಡುತ್ತಿದ್ದಾಳೆ ಎಂದು ಕೆಳಗೆ ಅಕ್ಷರದಲ್ಲಿ ಬರುತ್ತಿತ್ತು. ಸುಮ್ನೆ ನೋಡಿದವರು ‘ವಿಷಯ ಅಂಥದು, ಪಾಪ’ ಎಂದು ಲೆಕ್ಕಕ್ಕೆ ಹಿಡಿದರು. ಆ ವಿಷಯಗಳನ್ನು ಬಾಯಿಪಾಠ ಮಾಡಬೇಕು ಎಂಬ ಕೆಲಸ ಹಚ್ಚಿಸಿಕೊಂಡವರು, ವಿಷಯ ನೆನಪಿದ್ದರೂ, ‘ಇವಳ ಸ್ವಭಾವವೇ ಚಡಪಡಿಕೆ’ ಎಂದರು. ತಲೆ ತುಂಬಿದಾಗ ಗುಣ ಹಚ್ಚುವುದು ಸುಲಭ, ತಿದ್ದಿಕೊಳ್ಳುವುದು ಕಷ್ಟ. ನನಗೂ ಹಾಗೇ ಆಯಿತು ಎಂದು ಒಂದು ಪ್ಯಾರಾ ಬರೆದೂ ಬಿಟ್ಟೆ. ಆಮೇಲೆ ನಿಮ್ಮ ಅತ್ತೆಗೆ ಕೊಡದ ರಿಯಾಯಿತಿಯನ್ನು ನನಗೆ ನಾನೇ ಕೊಟ್ಟುಕೊಳ್ಳುತ್ತಿದ್ದೇನಲ್ಲ ಅನ್ನಿಸಿ ಆ ಪ್ಯಾರಾ ಹೊಡೆದು ಹಾಕಿದೆ.

ತಪ್ಪಾಯಿತು. ಅತ್ತೆಯವರ ಬಲಗಡೆ ಕೂತು ಇದನ್ನು ಓದಿ ಹೇಳಿ. ಸ್ವಲ್ಪ ಜೋರಾಗಿ.